ಸಿಸ್ಟರಮ್ಮನ ಹೊಟ್ಟೆಕಿಚ್ಚು

ಚರ್ಚಿನ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದಿತ್ತು. ಅದನ್ನು ನಡೆಸುತ್ತಿದ್ದವಳನ್ನು ಬೀದಿಯವರೆಲ್ಲ ಸಿಸ್ಟರಮ್ಮ ಎಂದು ಕರೆಯುತ್ತಿದ್ದರು. ಅವಳೇನೂ ಸಿಸ್ಟರ್ ಅಲ್ಲ. ಯಾವ ಕಾನ್ವೆಂಟಿಗೂ ಸೇರಿದವಳಲ್ಲ, ಯಾವ ವ್ರತವನ್ನೂ ತೊಟ್ಟವಳಲ್ಲ. ಆದರೆ ಮದುವೆಯಾಗಿರಲಿಲ್ಲ, ಬೂದು ಬಣ್ಣ ಬಿಟ್ಟು ಬೇರೆ ಬಟ್ಟೆ ಹಾಕುತ್ತಿರಲಿಲ್ಲ, ಬೆಳಗಿನ ಪೂಜೆಯ ಗಂಟೆ ಹೊಡೆಯುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಮೊಣಕಾಲೂರಿ ಕೂತಾಗಿರುತ್ತಿತ್ತು. ಗಂಟೆ ಹೊಡೆಯುವವನು ಎಷ್ಟೋ ಸಲ ಅವಳನ್ನು ನೋಡಿ, ತಾನೇ ತಡವಾಗಿ ಬಂದೆನೇನೋ ಎಂದು ಗಾಬರಿಬಿದ್ದು ಹಗ್ಗಕ್ಕೆ ಕೈಹಾಕಿದ್ದುಂಟು. ಬೀದಿಯವರು ತಮಾಷೆಗೆ ಇಟ್ಟ ಹೆಸರು ರೂಢಿಯಾಗಿ, ಕೊನೆಗೆ ಮರ್ಯಾದೆಯ ಹೆಸರೇ ಆಗಿಹೋಗಿತ್ತು.

ಇಂಥ ಸಿಸ್ಟರಮ್ಮನಿಗೆ ಇದ್ದದ್ದು ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಅವಳ ಇಸ್ತ್ರಿಪೆಟ್ಟಿಗೆಗೆ ಬೇರೆ ಕೆಂಡವೇ ಬೇಡವೆನ್ನುವಷ್ಟು. ಅದೂ ಪರರ ಮೇಲಲ್ಲ, ಒಡಹುಟ್ಟಿದ ತಂಗಿಯ ಮೇಲೆ. ಯಾಕೆಂದರೆ ತಂಗಿ ನಿಜವಾದ ಸಿಸ್ಟರ್ ಆಗಿದ್ದಳು.

ಅದಾದದ್ದು ಹೀಗೆ. ತಾಯಿಯಿಲ್ಲದ ಮನೆ, ಅಪ್ಪ ಬೀಗ ರಿಪೇರಿ ಮಾಡುವವನು. ದೊಡ್ಡವಳು ಬುದ್ಧಿ ಬಂದಾಗಿನಿಂದ ದೇವರು ದಿಂಡರು ಅಂತಲೇ ಇದ್ದವಳು. ಪ್ರಾರ್ಥನೆಯ ಪುಸ್ತಕ ಬಾಯಿಪಾಠ. ಬೇರೆ ಹುಡುಗಿಯರು ಅಮ್ಮ ಮಗು ಆಟ ಆಡಿದರೆ ಇವಳು ತಲೆಗೆ ದಿಂಬಿನ ಚೀಲ ಕಟ್ಟಿಕೊಂಡು ಕಾನ್ವೆಂಟಿನ ಮದರ್ ಆಗುತ್ತಿದ್ದಳು, ಉಳಿದವರನ್ನೆಲ್ಲ ಸಾಲಾಗಿ ಮೊಣಕಾಲ ಮೇಲೆ ಕೂರಿಸುತ್ತಿದ್ದಳು. ಚಿಕ್ಕವಳದ್ದು ಬೇರೆಯೇ ದಾರಿ. ಬಾಯಿ ಮುಚ್ಚಲು ಬಾರದವಳು, ಕಾರಣವಿಲ್ಲದೆ ನಗುವವಳು. ಅಪ್ಪ ಅವಳನ್ನು ಗಿಲಕಿ ಎನ್ನುತ್ತಿದ್ದ. ಉಪದೇಶ ಶುರುವಾಯಿತೆಂದರೆ ಗಿಲಕಿಯ ತಲೆ ಅಕ್ಕನ ತೋಳಿಗೆ ಒರಗುತ್ತಿತ್ತು. ಅಕ್ಕ ಚಿವುಟಿದರೆ ಎದ್ದು, ಎಲ್ಲರಿಗೂ ಕೇಳುವಂತೆ "ಆಮೆನ್" ಎನ್ನುತ್ತಿದ್ದಳು.

ದೊಡ್ಡವಳು ವಯಸ್ಸಿಗೆ ಬಂದಾಗ ಕಾನ್ವೆಂಟಿನಿಂದ ಕರೆ ಬಂತು. ಸೇರಬೇಕೆನ್ನುವ ಹುಡುಗಿಯರು ಕೆಲವು ದಿನ ಅಲ್ಲಿದ್ದು ನೋಡುವುದು, ಅವರೂ ಇವರನ್ನು ನೋಡುವುದು, ಆಮೇಲೆ ತೀರ್ಮಾನ. ಅಕ್ಕನಿಗೆ ಉಬ್ಬಸವಿತ್ತು. ದಾರಿಯಲ್ಲಿ ಏನಾದರೂ ಆದರೆ ಎಂದು ಅಪ್ಪ ಚಿಕ್ಕವಳನ್ನು ಜೊತೆ ಮಾಡಿ ಕಳಿಸಿದ, ಚೀಲ ಹೊರಲೂ ಆಯಿತು ಎಂದು. ಅಲ್ಲಿ ಅಕ್ಕ ಇಡೀ ದಿನ ಪ್ರಾರ್ಥನೆಯ ಕೋಣೆಯಲ್ಲಿದ್ದಳು. ಸಾಂಬ್ರಾಣಿ ಹೊಗೆಗೆ ಎದೆ ಕಟ್ಟಿ ಕೆಮ್ಮಿದಳು, ಆದರೂ ಎದ್ದು ಬರಲಿಲ್ಲ. ಗಿಲಕಿ ಹೊತ್ತು ಹೋಗದೆ ಅಡುಗೆಮನೆಗೆ ನುಗ್ಗಿ ತರಕಾರಿ ಹೆಚ್ಚಿದಳು, ಹಾಸಿಗೆ ಹಿಡಿದಿದ್ದ ಮುದಿ ಸಿಸ್ಟರುಗಳ ಕೋಣೆಗೆ ಹೋಗಿ ಅವರ ತಲೆ ಬಾಚಿದಳು, ಹರಟಿದಳು, ನಕ್ಕಳು. ಹೊರಡುವ ದಿನ ಮದರ್ ಇಬ್ಬರನ್ನೂ ಕರೆದರು. "ನಮ್ಮದು ಮೈಮುರಿಯೋ ಕೆಲಸ ಮಗಳೇ. ನಿನ್ನ ಎದೆಗೆ ಆಗಲ್ಲ. ಮನೇಲೇ ಇದ್ದು ದೇವರ ಸೇವೆ ಮಾಡು," ಎಂದು ದೊಡ್ಡವಳ ತಲೆ ಸವರಿದರು. ಆಮೇಲೆ ಚಿಕ್ಕವಳ ಕಡೆ ತಿರುಗಿ, "ನೀನು ಇರ್ತೀಯಾ?" ಎಂದರು.

ಗಿಲಕಿ ಅಕ್ಕನ ಮುಖ ನೋಡಿದಳು, ಮದರ್ ಮುಖ ನೋಡಿದಳು, "ಇರ್ಬಹುದು," ಎಂದಳು. ಪೂಜೆಯಲ್ಲಿ ಗೊರಕೆ ಹೊಡೆಯುತ್ತಿದ್ದವಳು! ಅಕ್ಕನನ್ನು ನೋಡಲು ಬಂದವರು ತಂಗಿಯನ್ನು ಒಪ್ಪಿಕೊಂಡು ಹೋದರೆ ಅಕ್ಕನಾದವಳಿಗೆ ಹೇಗಾಗಬೇಡ? ಗಂಡಾದರೆ ಒಂದಲ್ಲ ಇನ್ನೊಂದು ಸಿಕ್ಕೀತು. ಇಲ್ಲಿ ನೋಡಲು ಬಂದಿದ್ದವನು ದೇವರು. ಅವನು ಬೇಡ ಎಂದಮೇಲೆ ಇನ್ನು ಯಾರ ಹತ್ತಿರ ಹೋಗುವುದು? ವಾಪಸು ಬರುವಾಗ ಅಕ್ಕ ಒಬ್ಬಳೇ, ತನ್ನ ಚೀಲವನ್ನು ತಾನೇ ಹೊತ್ತುಕೊಂಡು ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ ಉಬ್ಬಸ ಬರಲಿಲ್ಲ, ಅದಕ್ಕೂ ಸಿಟ್ಟು ಬಂತು.

ಅಂದಿನಿಂದ ಅವಳ ಬದುಕು ಒಂದು ಪೈಪೋಟಿಯಾಯಿತು. ಅವಳನ್ನು ಕೇಳಿದ್ದರೆ ಭಕ್ತಿ ಎನ್ನುತ್ತಿದ್ದಳು. ಕಾನ್ವೆಂಟಿನಲ್ಲಿ ಎಷ್ಟು ಹೊತ್ತಿಗೆ ಏಳುತ್ತಾರೋ ಅದಕ್ಕಿಂತ ಮುಂಚೆ ಎದ್ದಳು. ಅವರು ಶುಕ್ರವಾರ ಒಂದು ಹೊತ್ತು ಬಿಟ್ಟರೆ ಇವಳು ಎರಡು ಹೊತ್ತು ಬಿಟ್ಟಳು. ಎದೆಗೆ ಆಗದು ಎಂದಿದ್ದರಲ್ಲ, ಬೇಕೆಂದೇ ಮೈಮುರಿಯುವ ಕೆಲಸ ಹಿಡಿದಳು: ಒಗೆಯುವುದು, ಹಿಂಡುವುದು, ಇಸ್ತ್ರಿ. ಬೀದಿಯ ಬೇಕರಿಯವನು, ಒಳ್ಳೆಯ ಮನುಷ್ಯ, ಹೆಂಡತಿ ಸತ್ತ ಮೇಲೆ ಒಂದು ದಿನ ಒಗೆಯಲು ಹಾಕಿದ್ದ ಅಂಗಿಗಳನ್ನು ತೆಗೆದುಕೊಂಡು ಹೋಗಲು ಬಂದವನು ಅಂಗಿ ಮರೆತು, "ನೀವೂ ಒಬ್ಬರೇ, ನಾನೂ ಒಬ್ಬನೇ," ಎಂದು ಶುರುಮಾಡಿದ. ಇವಳು ಮಾತು ಮುಗಿಸಲು ಬಿಡಲಿಲ್ಲ. "ನನ್ನನ್ನ ದೇವರಿಗೆ ಮೀಸಲಿಟ್ಟಿದೀನಿ," ಎಂದಳು. ಅವನು ಕೆಂಪಾಗಿ, ಅಂಗಿಗಳನ್ನು ಅಲ್ಲೇ ಬಿಟ್ಟು ಹೋದ. ಆ ವಾರ ಅವಳು ತಲೆ ಎತ್ತಿಕೊಂಡು ನಡೆದಳು. ಗಿಲಕಿಯನ್ನು ಯಾರೂ ಹೀಗೆ ಕೇಳಿರಲಾರರು, ಹಾಗಾಗಿ ತಂಗಿ ಬಿಟ್ಟುಕೊಟ್ಟದ್ದೇನೂ ಇಲ್ಲ ಎಂಬ ಲೆಕ್ಕ ಅಕ್ಕನದು.

ಚರ್ಚಿನ ಬಟ್ಟೆಗಳೂ ಅವಳ ಪಾಲಿಗೆ ಬಂದವು. ಅದು ಸುಮ್ಮನೆ ಕೊಡುವ ಕೆಲಸವಲ್ಲ. ಬಲಿಪೀಠದ ಬಟ್ಟೆಗೆ ಅದರದೇ ರೀತಿನೀತಿ. ಮೊದಲ ಸಲ ಜಾಲಾಡಿದ ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ, ಮಣ್ಣಿಗೇ ಸುರಿಯಬೇಕು. ಪ್ರಸಾದದ ಒಂದು ಕಣವಿದ್ದರೂ ಯಾರೂ ತುಳಿಯಬಾರದು. ಪೂಜೆಯ ದ್ರಾಕ್ಷಾರಸ ತುಂಬುವ ಪಾನಪಾತ್ರೆಯ ಕೆಳಗೆ ಹಾಸುವ ಚೌಕಕ್ಕೆ ಗಂಜಿ ಹಾಕಿ, ಅಂಚು ಒಳಗೆ ಬರುವಂತೆ ಮಡಿಸಬೇಕು. ಪೂಜೆ ಮುಗಿದ ಮೇಲೆ ಪಾತ್ರೆ ಒರೆಸುವ ಉದ್ದ ಬಟ್ಟೆಗೆ ಮಾತ್ರ ಗಂಜಿಯ ಸೋಂಕೂ ಆಗಬಾರದು. ಗಂಜಿ ಹಾಕಿದ ಬಟ್ಟೆ ಹನಿ ಹೀರುವುದಿಲ್ಲ. ಇದನ್ನೆಲ್ಲ ಅವಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡುತ್ತಿದ್ದಳು. ಫಾದರ್ ಬದಲಾದರು, ಮತ್ತೆ ಬದಲಾದರು. ಬಟ್ಟೆಯಲ್ಲಿ ಒಂದು ಸುಕ್ಕು ಕಂಡವರಿಲ್ಲ.

ಇಷ್ಟಾದರೂ ಬಂತೇ ಸಮಾಧಾನ? ಗಿಲಕಿ ರಜೆಗೆಂದು ಅಪರೂಪಕ್ಕೆ ಮನೆಗೆ ಬಂದಳೆಂದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತಿತ್ತು. ಮನೆಯಲ್ಲಿದ್ದ ಒಂದೇ ಒಂದು ಕೈಕುರ್ಚಿ ಅವಳಿಗೆ. "ನಮ್ಮ ಸಿಸ್ಟರ್ ಬಂದಿದಾಳೆ," ಎಂದು ಅಪ್ಪ ಬೀಗ ತರುವವರಿಗೆಲ್ಲ ಹೇಳುತ್ತಿದ್ದ. ದಿನವೂ ತನ್ನ ಅಂಗಿ ಒಗೆದು ಕೊಡುವವಳು ಯಾರೆಂಬುದು ಆ ದಿನಗಳಲ್ಲಿ ಮುದುಕನಿಗೆ ಮರೆತೇಹೋಗುತ್ತಿತ್ತು. ಅಕ್ಕ ಒಲೆಯ ಮುಂದೆ ನಿಂತು ಬಂದವರಿಗೆಲ್ಲ ಚಹಾ ಕಾಸುತ್ತ, ಕಿವಿಯನ್ನು ಆಚೆ ಕೋಣೆಯಲ್ಲಿಟ್ಟಿರುತ್ತಿದ್ದಳು. ಎಲ್ಲಾದರೂ ಧ್ಯಾನದ ಮಾತು, ದರ್ಶನದ ಮಾತು ಬರಬಹುದೇ ಎಂದು. ಬರುತ್ತಿದ್ದದ್ದು ಯಾವ ಮುದಿ ಸಿಸ್ಟರ್ ಕಟ್ಟುಹಲ್ಲನ್ನು ತಲೆದಿಂಬಿನಲ್ಲಿ ಕಳೆದುಕೊಂಡಳು, ಯಾವ ಸಿಸ್ಟರ್ ಸಾರು ಸೀಯಿಸಿದಳು ಎಂಬ ಕಥೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೇವರಿಗೆ ಆರಿಸಿಕೊಳ್ಳಲು ಬರುವುದಿಲ್ಲ, ತರಕಾರಿ ಕೊಳ್ಳುವ ಗಂಡಸರ ಹಾಗೆ ಮೇಲೆ ಮಿನುಗಿದ್ದನ್ನೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ ಎಂದು ಅಕ್ಕನಿಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಅದನ್ನು ಅವಳು ದೇವರ ಮುಂದೆ ಒಮ್ಮೆಯೂ ಆಡಲಿಲ್ಲ. ಅವನ ಮುಂದೆ ಪುಸ್ತಕದ ಪ್ರಾರ್ಥನೆ ಮಾತ್ರ. ಪಾಪನಿವೇದನೆಗೆ ಹೋದರೂ, "ಸ್ವಲ್ಪ ಸಿಟ್ಟು ಬರುತ್ತೆ ಫಾದರ್," ಎಂದು ಮುಗಿಸುತ್ತಿದ್ದಳು.

ಅಪ್ಪ ತೀರಿಕೊಂಡ. ಅಕ್ಕನಿಗೆ ನಲವತ್ತು ದಾಟಿ ತಲೆ ನೆರೆಯಿತು. ಹೀಗಿರುವಾಗ ಒಂದು ಮಧ್ಯಾಹ್ನ ಗಿಲಕಿ ಹೇಳದೆ ಕೇಳದೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಮುಸುಕಿಲ್ಲ. ಯಾರೋ ಕೊಟ್ಟಿದ್ದ ಹಳೆಯ ಹೂವಿನ ಚಿತ್ರದ ಬಟ್ಟೆ, ಸೊಂಟದಲ್ಲಿ ಸಡಿಲ. ಕೂದಲು ಗಿಡ್ಡವಾಗಿ ಕತ್ತರಿಸಿದ್ದು ಕಾಣುತ್ತಿತ್ತು.

"ಬಿಟ್ಟುಬಂದ್ಯಾ?" ಎಂದಳು ಅಕ್ಕ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತುವುದೂ ಮರೆತಿತ್ತು.

"ಇನ್ನೂ ಇಲ್ಲ. ಮದರ್ ಒಂದು ತಿಂಗಳು ಕೊಟ್ಟಿದಾರೆ. ಹೋಗಿ ಯೋಚನೆ ಮಾಡು, ಬರಲ್ಲ ಅಂದ್ರೆ ಹೇಳು, ವ್ರತ ಬಿಡಿಸೋಕೆ ಮೇಲಿನವರಿಗೆ ಬರೀತೀನಿ ಅಂದ್ರು. ಅಕ್ಕ, ಬಟ್ಟೆ ಸುಡ್ತಿದೆ."

ಗಿರಾಕಿಯ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಮೂಡಿತ್ತು. ಅವಳ ಜೀವಮಾನದಲ್ಲಿ ಸುಟ್ಟ ಮೊದಲ ಅಂಗಿ.

ಯಾಕೆ ಬಂದೆ ಎಂದು ಅಕ್ಕ ಕೇಳಲಿಲ್ಲ. ಕೇಳಿದರೆ ಸಮಾಧಾನ ಹೇಳಬೇಕಾಗುತ್ತದೆ, ಸಮಾಧಾನ ಹೇಳಿದರೆ ಎಲ್ಲಿ ವಾಪಸು ಹೋಗಿಬಿಡುತ್ತಾಳೋ! ನಾಚಿಕೆಯಾಗಬೇಕಿತ್ತು, ಆದರೆ ಅವಳಿಗಾದದ್ದು ಸಂತೋಷ. ಮೈ ಹಗುರಾಗಿ, ಅಷ್ಟೂ ವರ್ಷದಲ್ಲಿ ಮೊದಲ ಸಲ ಅಂಗಡಿಯನ್ನು ಹಗಲಲ್ಲೇ ಮುಚ್ಚಿ, ಬೇಕರಿಯಿಂದ ಕೇಕ್ ತಂದಳು. ಅಪ್ಪನ ಹಾಸಿಗೆಗೆ ಹೊಸ ಹೊದಿಕೆ ಹಾಕಿದಳು. ತಂಗಿ ಮಲಗಿ ಗೊರಕೆ ಹೊಡೆಯತೊಡಗಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದಳು. ಮುಸುಕು ತೆಗೆದರೆ ಇಷ್ಟೇ, ನನ್ನ ಹಾಗೇ ಒಂದು ಹೆಂಗಸು ಎಂದುಕೊಂಡಳು. ಇನ್ನು ಕೈಕುರ್ಚಿ ಯಾರಿಗೂ ಬೇಡ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬಹುದು.

ಆ ಸುಖ ಒಂದು ವಾರವೂ ಬಾಳಲಿಲ್ಲ. ಮುಸುಕಿಲ್ಲದಿದ್ದರೂ ಗಿಲಕಿ ಗಿಲಕಿಯೇ. ಬಟ್ಟೆ ತರುವವರು ಕೊಟ್ಟು ಹೋಗುವುದನ್ನು ಬಿಟ್ಟು ನಿಂತು ಮಾತಾಡತೊಡಗಿದರು. ಅಕ್ಕನ ಹತ್ತಿರ, "ನಾಳೆ ಸಿಗುತ್ತಾ ಸಿಸ್ಟರಮ್ಮ?" ಎಂಬುದಕ್ಕಿಂತ ಹೆಚ್ಚು ಒಂದು ಮಾತು ಆಡದಿದ್ದವರು, ಗಿಲಕಿಯ ಹತ್ತಿರ ತಮ್ಮ ಅತ್ತೆ ಕಾಟ, ಸೊಸೆ ಕಾಟ, ಮಂಡಿನೋವು ಎಲ್ಲ ಸುರಿದುಕೊಂಡರು. ಒಬ್ಬ ಗಿರಾಕಿಯಂತೂ ಒಗೆದ ಬಟ್ಟೆಯನ್ನೇ ಮತ್ತೆ ತಂದ. ಬಿಟ್ಟುಬಂದವಳನ್ನು ಊರು ಛೀಮಾರಿ ಹಾಕುತ್ತದೆ ಎಂದು ಅಕ್ಕ ಎಣಿಸಿದ್ದಳು, ಒಳಗೊಳಗೆ ಕಾದಿದ್ದಳು ಕೂಡ. ಊರು ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿತು.

ಹೀಗಿರುವಾಗ ಚರ್ಚಿನ ಬಟ್ಟೆಗಳ ದಿನ ಬಂತು. ಗಿಲಕಿ ತಾನೂ ಮಾಡುತ್ತೇನೆಂದು ಹಟ ಹಿಡಿದಳು. ಅಷ್ಟು ವರ್ಷ ಕಾನ್ವೆಂಟಿನಲ್ಲಿ ಅಡುಗೆಮನೆ ಮತ್ತು ಮುದುಕಿಯರ ಕೋಣೆ ಬಿಟ್ಟು ಬೇರೆ ಕಂಡವಳಲ್ಲ. ಅಲ್ಲಿ ಒಗೆಯುವ ಕೋಣೆ ಬೇರೆ ಸಿಸ್ಟರುಗಳದ್ದು. ಅಕ್ಕ ಹೇಳಿಕೊಟ್ಟಳು. ಗಿಲಕಿ ಅರ್ಧ ಕೇಳಿಸಿಕೊಂಡಳು, ಇನ್ನರ್ಧದಲ್ಲಿ ಹಾಡು ಗುನುಗಿದಳು, ಚೌಕವನ್ನೂ ಪಾತ್ರೆ ಒರೆಸುವ ಬಟ್ಟೆಯನ್ನೂ ಒಟ್ಟಿಗೆ ಗಂಜಿಯಲ್ಲಿ ಅದ್ದಿ ಹಿಂಡಿದಳು. ಮಡಿಸುವಾಗ ಅಕ್ಕನ ಬೆರಳಿಗೆ ಅದು ತಿಳಿಯಿತು. ಕಾಗದದ ಹಾಗೆ ಬಿರುಸಾಗಿತ್ತು. ಇನ್ನೊಂದು ಸಲ ಬಿಸಿನೀರಿನಲ್ಲಿ ಜಾಲಾಡಿದ್ದರೆ ಮುಗಿಯುತ್ತಿತ್ತು. ಅವಳು ಅದನ್ನು ಮೂರು ಮಡಿಕೆ ಮಾಡಿ, ಮೇಲೆ ಅಂಗೈ ಒತ್ತಿ, ಬುಟ್ಟಿಗಿಟ್ಟಳು. ಎಲ್ಲರಿಗೂ ಒಂದು ಸಲ ಗೊತ್ತಾಗಲಿ, ಬರೀ ನಗುವಿನಿಂದ ದೇವರ ಕೆಲಸ ಆಗುವುದಿಲ್ಲವೆಂದು.

ಭಾನುವಾರದ ಪೂಜೆಯಲ್ಲಿ ಫಾದರ್ ಪಾನಪಾತ್ರೆ ತೊಳೆದು ಒರೆಸಲು ಬಟ್ಟೆ ತೆಗೆದುಕೊಂಡರು. ಅದು ಬಿಚ್ಚಿಕೊಳ್ಳಲೇ ಇಲ್ಲ. ಬಲವಂತಕ್ಕೆ ಬಿಚ್ಚಿದರೆ ಚರಚರ ಸದ್ದು, ಮೈಕು ಬೇರೆ ಪಕ್ಕದಲ್ಲೇ ಇತ್ತು. ಒರೆಸಿದರೆ ನೀರು ಹೀರದೆ ಜಾರಿ ಅವರ ತೋಳಿನೊಳಗೆ ಇಳಿಯಿತು. ಫಾದರ್ ಕೈ ಕೊಡವಿದರು, ಹನಿಗಳು ಪುಸ್ತಕದ ಮೇಲೆ ಹಾರಿದವು. ಚರ್ಚಿಗೆ ಚರ್ಚೇ ಕಣ್ಣು ಬಿಟ್ಟು ನೋಡಿತು. ಅಕ್ಕ ತಲೆ ತಗ್ಗಿಸಿ ಜಪಸರದ ಮಣಿಯೊಂದನ್ನು ಉಗುರಿನಿಂದ ಒತ್ತಿ ಹಿಡಿದಿದ್ದಳು.

ಪೂಜೆ ಮುಗಿದದ್ದೇ ತಡ, ಗಿಲಕಿ ಮೆಟ್ಟಿಲ ಮೇಲೆ ಎಲ್ಲರ ಎದುರು ಫಾದರನ್ನು ತಡೆದಳು. "ಫಾದರ್, ಅದು ನನ್ನ ಕೆಲಸ. ಅಕ್ಕನ್ನ ಬೈಬೇಡಿ. ಅವಳು ಹೇಳಿಕೊಟ್ಟಿದ್ಲು, ನಾನೇ ಸರಿಯಾಗಿ ಕೇಳಿಸಿಕೊಂಡಿಲ್ಲ."

ಫಾದರ್ ಒದ್ದೆ ತೋಳನ್ನು ತೋರಿಸಿ ನಕ್ಕರು. "ಇರ್ಲಿ ಬಿಡಮ್ಮ. ಪೂಜೆ ಮುಗಿಯೋ ಹೊತ್ತಲ್ಲಿ ಎಲ್ಲರೂ ಎಚ್ಚರವಾಗಿದ್ದದ್ದನ್ನ ಇವತ್ತೇ ನೋಡಿದ್ದು."

ಜನ ಗೊಳ್ಳೆಂದರು. ಬೇಕರಿಯವನು ಗುಂಪಿನಿಂದ ಮುಂದೆ ಬಂದ. "ಒಗೆಯೋದು ನಿಮ್ಮ ಕೈಲಿ ಆಗಲ್ಲ ಬಿಡಿ. ಹಿಟ್ಟು ನಾದೋಕೆ ಬರುತ್ತಲ್ವಾ? ನನ್ನ ಕೆಲಸದವನು ಓಡಿಹೋಗಿದಾನೆ."

ಗಿಲಕಿ ಮಾರನೆಯ ದಿನದಿಂದ ಬೇಕರಿಗೆ ಹೋದಳು. ಅಂಗಡಿಯ ಎದುರಿಗೇ ಬೇಕರಿಯ ಕಿಟಕಿ. ಅಕ್ಕ ಇಸ್ತ್ರಿ ಮಾಡುತ್ತ ತಲೆ ಎತ್ತಿದಾಗಲೆಲ್ಲ ಕಾಣುತ್ತಿದ್ದದ್ದು ಹಿಟ್ಟು ಮೆತ್ತಿಕೊಂಡ ತಂಗಿಯ ಕೆನ್ನೆ, ಅದರ ಪಕ್ಕದಲ್ಲಿ ಬಾಯ್ತುಂಬ ನಗುವ ಬೇಕರಿಯವನು. ಆ ಮನುಷ್ಯನಿಗೆ ಅಷ್ಟು ಹಲ್ಲುಗಳಿವೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅವನನ್ನು ಬೇಡ ಎಂದವಳು ಅವಳೇ. ಯಾರೂ ಅವಳ ಕೈಹಿಡಿದು ತಡೆದಿರಲಿಲ್ಲ. ಆದರೂ ತಾನು ದೇವರಿಗೆಂದು ಬಿಟ್ಟುಕೊಟ್ಟದ್ದನ್ನು ಇವಳು ಹೂವೆತ್ತಿದ ಹಾಗೆ ಎತ್ತಿಕೊಳ್ಳುವುದೆಂದರೆ! ಮೊದಲು ದೇವರನ್ನು ತೆಗೆದುಕೊಂಡಳು, ಅವನು ಸಾಕಾದ ಮೇಲೆ ಈಗ ಉಳಿದದ್ದನ್ನು. ಅಕ್ಕನ ಕಣ್ಣು ಉರಿಯಿತು, ಕೆಂಡದ ಹೊಗೆ ಎಂದುಕೊಂಡು ಒರೆಸಿಕೊಂಡಳು.

ತಿಂಗಳು ಮುಗಿಯುತ್ತ ಬಂತು. ಒಂದು ಸಂಜೆ ಗಿಲಕಿ ಬೇಕರಿಯಿಂದ ಬಂದವಳು ಕೈ ತೊಳೆಯದೆ ಸ್ಟೂಲಿನ ಮೇಲೆ ಕೂತಳು.

"ಅಕ್ಕ, ಮದರ್‌ಗೆ ಉತ್ತರ ಹೇಳ್ಬೇಕು. ನನಗೆ ತಲೆ ಓಡ್ತಾ ಇಲ್ಲ. ಪ್ರಾರ್ಥನೆ ಮಾಡಿದ್ರೆ ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ. ನೀನು ಹೋಗಿ ಕೇಳು. ನಿನಗೆ ಹೇಳ್ತಾನೆ. ನೀನು ಏನಂತೀಯೋ ಅದು ಮಾಡ್ತೀನಿ."

"ನಾನು ಯಾಕೆ?"

"ನಿನಗಲ್ದೆ ಇನ್ಯಾರಿಗೆ ಹೇಳ್ತಾನೆ?" ಎಂದಳು ಗಿಲಕಿ. ಅದರಲ್ಲಿ ತಮಾಷೆ ಇರಲಿಲ್ಲ.

ಅಕ್ಕ ಚರ್ಚಿಗೆ ಹೋಗಿ ತನ್ನ ಬೆಂಚಿನಲ್ಲಿ ಮೊಣಕಾಲೂರಿದಳು. ಪುಸ್ತಕ ತೆರೆದಳು. ಕಣ್ಣು ಮುಚ್ಚಿದರೆ ಹಿಟ್ಟು ಮೆತ್ತಿದ ಕೆನ್ನೆ. ತೆರೆದರೆ, ತಾನು ಇಸ್ತ್ರಿ ಮಾಡಿದ ಬಲಿಪೀಠದ ಬಟ್ಟೆ. ಅವನು ಒಂದು ಮಾತೂ ಆಡಲಿಲ್ಲ. ಅವಳೂ ಏನೂ ಕೇಳಲಿಲ್ಲ ಅನ್ನಿ. ಪ್ರಾರ್ಥನೆ ಮಾಡಿದ್ದೆಂದು ತೋರುವಷ್ಟು ಹೊತ್ತು ಕೂತಿದ್ದು ಎದ್ದು ಬಂದಳು.

"ಹೋಗು. ಅವನು ನಿನ್ನನ್ನ ಅಲ್ಲಿಗೇ ಕರೀತಿದಾನೆ," ಎಂದಳು.

ಗಿಲಕಿಯ ಮುಖದಿಂದ ನಗು ಇಳಿದುಹೋಯಿತು. ಸ್ವಲ್ಪ ಹೊತ್ತು ಅಂಗೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. "ಸರಿ. ನೀನು ಹೇಳಿದ ಮೇಲೆ ಮುಗೀತು," ಎಂದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಫಾದರ್ ಅಂಗಡಿಗೇ ಬಂದು, ಒಡಹುಟ್ಟಿದವಳನ್ನು ದೇವರಿಗೆ ಎರಡು ಸಲ ಕೊಟ್ಟವಳು ನೀನೊಬ್ಬಳೇ ಎಂದು ಅವಳ ಕೈಹಿಡಿದುಕೊಂಡರು. ಹೆಂಗಸರು ಮಕ್ಕಳನ್ನು ತಂದು, ತಲೆಯ ಮೇಲೆ ಕೈಯಿಟ್ಟು ಹರಸಿ ಸಿಸ್ಟರಮ್ಮ ಎಂದರು. ಬೇಕರಿಯವನು ಮಾತ್ರ ಬರಲಿಲ್ಲ. ಕಿಟಕಿಯ ಪರದೆ ಎಳೆದಿದ್ದ. ಇಷ್ಟು ಕಾಲ ಆಸೆಪಟ್ಟ ಕೈಕುರ್ಚಿ ಕೊನೆಗೂ ಅವಳಿಗೆ ಸಿಕ್ಕಿತ್ತು. ಕೂತರೆ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಹೊರಡುವ ಬೆಳಗ್ಗೆ ಇಬ್ಬರೂ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿಲಕಿ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಅಕ್ಕ ಹಿಂದೆ ನೋಡಿರಲಿಲ್ಲ. ಆಮೇಲೆ ಗಿಲಕಿಯೇ ಶುರುಮಾಡಿದಳು.

"ಯಾಕೆ ಬಂದೆ ಅಂತ ನೀನು ಕೇಳ್ಲೇ ಇಲ್ಲ. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ. ಅಲ್ಲಿ ಎಲ್ಲರಿಗೂ ಒಂದು ಕಥೆ ಇದೆ ಅಕ್ಕ. ದೇವರು ನನ್ನನ್ನ ಹೀಗೆ ಕರೆದ, ಹಾಗೆ ಕರೆದ ಅಂತ. ನಂದೇನು? ಅಕ್ಕನ ಚೀಲ ಹಿಡ್ಕೊಂಡು ಬಂದೆ. ಕರೆ ನಿಂದು, ಕೂತಿದ್ದು ನಾನು. ಬೆಳಗ್ಗೆ ಎದ್ದು ಮುಸುಕು ಕಟ್ಟುವಾಗೆಲ್ಲ ನಿನ್ನದನ್ನ ಕದ್ದು ಕಟ್ಕೊಂಡ ಹಾಗಾಗ್ತಿತ್ತು. ಅದನ್ನ ತಡ್ಕೊಳ್ಳೋಕಾಗ್ದೆ ಬಂದೆ."

ಅಕ್ಕ ತನ್ನ ಬೂದು ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ತೀಡಿದಳು.

"ಈಗ ಪರವಾಗಿಲ್ಲ," ಎಂದಳು ಗಿಲಕಿ, ಎದುರಿಗೆ ನಿಂತಿದ್ದ ಬೇರೆ ಊರಿನ ಖಾಲಿ ಬಸ್ಸನ್ನು ನೋಡುತ್ತ. "ನೀನೇ ಕೇಳಿ ಹೇಳಿದೀಯ. ಇನ್ಮೇಲೆ ನಿನ್ನ ಬದಲಿಗೆ ಇದೀನಿ ಅಂದ್ಕೊಂಡು ಇರ್ತೀನಿ. ಬೇಕರಿ ಗೀಕರಿ ಎಲ್ಲ ಮನಸ್ಸಿಂದ ತೆಗೆದುಹಾಕ್ತೀನಿ. ಸಾಯೋ ತನಕ ನಿನ್ನ ಸಾಲ ತೀರಿಸಿದ ಹಾಗಾಯ್ತು."

ಹೀಗೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ತಂಗಿ ಬಸ್ಸು ಹತ್ತುತ್ತಿದ್ದಳು, ಅಕ್ಕ ಸಂತಳಾಗಿ ಮನೆಗೆ ಹೋಗುತ್ತಿದ್ದಳು. ಬಯಸಿದ್ದು ಇದನ್ನೇ ಅಲ್ಲವೇ: ಕರೆ ಇದ್ದದ್ದು ತನಗೆ ಎಂದು ತಂಗಿಯ ಬಾಯಿಂದಲೇ ಕೇಳುವುದು? ಈಗ ಕಿವಿಯಾರೆ ಕೇಳಿದ್ದಾಯಿತು. ಪಕ್ಕದಲ್ಲಿ ಕೂತವಳ ಗಿಡ್ಡ ಕೂದಲಿನಲ್ಲಿ ನರೆ ಕಂಡಿತು. ಈ ಹೆಂಗಸು ಉಳಿದ ಆಯುಷ್ಯವನ್ನೆಲ್ಲ, ನಗುವುದನ್ನೂ ಬಿಟ್ಟು, ಸುಳ್ಳೊಂದಕ್ಕೆ ತೆತ್ತು ಬದುಕುತ್ತಾಳೆ ಎಂದು ಅನ್ನಿಸಿದಾಗ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಅವನೇನೂ ಹೇಳ್ಲಿಲ್ಲ," ಎಂದಳು.

"ಯಾರು?"

"ದೇವರು. ಆವತ್ತು ನಾನು ಕೇಳ್ಲೂ ಇಲ್ಲ. ನೀನು ಬೇಕರೀಲಿ ನಗ್ತಿದ್ದೆ. ನನಗೆ ಹೊಟ್ಟೆ ಉರೀತು. ಅದಕ್ಕೆ ಹೋಗು ಅಂದೆ."

ಗಿಲಕಿ ತಿರುಗಿ ನೋಡಿದಳು. ಅಕ್ಕ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು. "ಗಂಜಿ ಹಾಕಿದ ಬಟ್ಟೆ ನನ್ನ ಕೈಗೆ ಗೊತ್ತಾಗಿತ್ತು. ನಿನ್ನ ಮರ್ಯಾದೆ ಹೋಗ್ಲಿ ಅಂತ ಬುಟ್ಟಿಗಿಟ್ಟೆ. ಅವನು ನನ್ನ ಹತ್ರ ಯಾವತ್ತೂ ಮಾತಾಡಿಲ್ಲ ಕಣೆ. ಉಪವಾಸ, ಬೂದು ಬಟ್ಟೆ, ಆ ಬೇಕರಿಯವನನ್ನ ಬೇಡ ಅಂದಿದ್ದು, ಒಂದೂ ಅವನಿಗಲ್ಲ. ನಿನ್ನನ್ನ ಸೋಲಿಸೋಕೆ. ನಿನ್ನನ್ನ ಒಪ್ಪಿಕೊಂಡ್ರಲ್ಲ, ಆವತ್ತಿಂದ. ನೀನು ನನ್ನದೇನೂ ಕದ್ದಿಲ್ಲ. ನನ್ನ ಹತ್ರ ಹೊಟ್ಟೆಕಿಚ್ಚು ಬಿಟ್ರೆ ಏನೂ ಇರ್ಲಿಲ್ಲ."

ಗಿಲಕಿ ಸಿಟ್ಟಿನಿಂದ ಚೀಲವನ್ನು ಪಕ್ಕಕ್ಕೆ ತಳ್ಳಿದಳು. "ನಿನ್ನನ್ನ ಸಂತಳು ಅಂದ್ಕೊಂಡು ಇಷ್ಟು ವರ್ಷ ಮೊಣಕಾಲು ಸವೆಸಿದೆನಲ್ಲಕ್ಕ! ತಪ್ಪು ಮಾಡಿದಾಗೆಲ್ಲ, ನಮ್ಮಕ್ಕ ಆಗಿದ್ರೆ ಹೀಗೆ ಮಾಡ್ತಿರ್ಲಿಲ್ಲ ಅಂತ ಅತ್ತಿದೀನಿ. ಮುದುಕಿಯರಿಗೆ ನಿನ್ನ ಕಥೆ ಹೇಳ್ತಿದ್ದೆ."

"ಹೇಳ್ಬೇಡ ಇನ್ನು."

"ಹೇಳಲ್ಲ ಬಿಡು!"

ಬಸ್ಸು ಬಂದು ನಿಂತಿತು. ಜನ ಹತ್ತಿದರು. ಗಿಲಕಿ ಎದ್ದೇಳಲಿಲ್ಲ, ಬಸ್ಸು ಹೋಯಿತು.

"ನಾನು ಈಗ ಮನೆಗೆ ಬರ್ತೀನಿ ಅಂದ್ರೆ? ನಾಳೆಯಿಂದ ಬೇಕರಿಗೆ ಹೋಗ್ತೀನಿ ಅಂದ್ರೆ? ಇಟ್ಕೊಳ್ತೀಯಾ?"

"ಇಟ್ಕೊಳ್ತೀನಿ. ಹೊಟ್ಟೆ ಉರ್ಕೊಂಡೇ ಇಟ್ಕೊಳ್ತೀನಿ."

ಗಿಲಕಿಯ ಮೂಗಿನಿಂದ ಒಂದು ಸದ್ದು ಹೊರಟಿತು. ತಡೆದುಕೊಂಡಳು, ಆಗಲಿಲ್ಲ. ನಗು ಉಕ್ಕಿ ಬಂದು, ಬಾಯಿಗೆ ಕೈ ಒತ್ತಿಕೊಂಡು ಮುಂದಕ್ಕೆ ಬಾಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದರಲ್ಲಿ ನಗುವಿನದೆಷ್ಟು, ಅಳುವಿನದೆಷ್ಟು ಅವಳಿಗೇ ತಿಳಿದಿರಲಿಕ್ಕಿಲ್ಲ. ಅಕ್ಕ ಕೈವಸ್ತ್ರ ಕೊಟ್ಟಳು. ಇಸ್ತ್ರಿ ಮಾಡಿದ್ದು.

"ಕರೆ ನಿಂದಲ್ಲ ಅಂದ್ರೆ," ಎಂದಳು ಗಿಲಕಿ ಮೂಗು ಒರೆಸಿಕೊಂಡು, ನಿಧಾನವಾಗಿ, ಲೆಕ್ಕ ಹಾಕುವವಳ ಹಾಗೆ, "ನಾನು ಯಾರದೂ ಕದ್ದಿಲ್ಲ ಅಂತಾಯ್ತು."

"ಇಲ್ಲ."

"ಅವನು ನಿನ್ನ ಹತ್ರಾನೂ ಮಾತಾಡಲ್ಲ, ನನ್ನ ಹತ್ರಾನೂ ಮಾತಾಡಲ್ಲ. ಆ ಮುದುಕಿಯರು ಆಡ್ತಾರೆ ನೋಡು. ಬೈತಾರೆ. ಉಪ್ಪು ಕಮ್ಮಿ ಅಂತ ಒಬ್ಬಳು, ದಿಂಬು ಗಟ್ಟಿ ಅಂತ ಒಬ್ಬಳು. ಈ ಒಂದು ತಿಂಗಳಲ್ಲಿ ಅವರಿಗೆ ತಲೆ ಬಾಚಿದವರು ಯಾರೋ ಗೊತ್ತಿಲ್ಲ." ಅವಳು ರಸ್ತೆಯ ತಿರುವನ್ನು ನೋಡಿದಳು. "ಬೇಕರಿ ಚೆನ್ನಾಗಿತ್ತು. ಅವನೂ ಒಳ್ಳೆಯವನೇ. ಆದ್ರೆ ಹಿಟ್ಟು ನಾದುವಾಗೆಲ್ಲ ನನ್ನ ತಲೇಲಿ ಇದ್ದದ್ದು ಅವರೇ. ಮುಂದಿನ ಬಸ್ಸಿಗೆ ಹೋಗ್ತೀನಿ. ನೀನು ಹೇಳಿದೆ ಅಂತಲ್ಲ, ನೆನಪಿಟ್ಕೋ. ನಿನ್ನ ಬದಲಿಗೂ ಅಲ್ಲ."

"ಮತ್ತೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನು ಹೋಗ್ತೀನಿ," ಎಂದಳು ಗಿಲಕಿ.

ಮುಂದಿನ ಬಸ್ಸು ತುಂಬಿ ತುಳುಕುತ್ತ ಬಂತು. ಬಾಗಿಲಲ್ಲೂ ಜನ. ಗಿಲಕಿ ಅಕ್ಕನ ಕೆನ್ನೆಗೆ ಮುತ್ತಿಟ್ಟು, ಇನ್ನೂ ಸಿಟ್ಟಿದೆ ಎನ್ನುವಂತೆ ಕಿವಿಯನ್ನು ಒಮ್ಮೆ ಹಿಂಡಿ, ಆ ಗುಂಪಿನೊಳಗೆ ನುಗ್ಗಿದಳು. ಅಕ್ಕ ಕೆಳಗೆ ನಿಂತು ನೋಡಿದಳು. ತಂಗಿಯ ಮೈಮೇಲೆ ಮುಸುಕಿರಲಿಲ್ಲ, ಶಿಲುಬೆಯಿರಲಿಲ್ಲ, ಅವಳು ಯಾರೆಂದು ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗಿಲಕಿ ಅದೇನು ಹೇಳಿದಳೋ, ಒಳಗಿದ್ದವರು ನಕ್ಕರು. ಒಬ್ಬ ದಪ್ಪ ಮನುಷ್ಯ ಎದ್ದು ನಿಂತು ತನ್ನ ಸೀಟನ್ನು ಬಿಟ್ಟುಕೊಟ್ಟ. ಅದೂ ಕಿಟಕಿಯ ಪಕ್ಕದ ಸೀಟು.

ಅಕ್ಕನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಭುಗ್ಗೆಂದಿತು. ಎಲ್ಲ ಹೇಳಿ ಖಾಲಿಯಾಗಿದೆ ಎಂದುಕೊಂಡಿದ್ದಳು, ಎಲ್ಲಿ ಖಾಲಿಯಾಗುತ್ತದೆ! ಬಾಯಿಗೆ ರೂಢಿಯಂತೆ ಪುಸ್ತಕದ ಪ್ರಾರ್ಥನೆ ಬಂತು. ಅದನ್ನು ಅರ್ಧಕ್ಕೇ ನುಂಗಿದಳು.

"ಎಲ್ಲಾ ಅವಳಿಗೇ ಯಾಕೆ? ನಾನೇನು ಮಾಡಿದ್ದೆ ನಿನಗೆ?" ಎಂದಳು, ಗಟ್ಟಿಯಾಗಿ.

ಪಕ್ಕದಲ್ಲಿ ಬಸ್ಸಿಗೆ ಕಾದಿದ್ದವನೊಬ್ಬ ಬೆಚ್ಚಿಬಿದ್ದು ತಿರುಗಿದ. "ನನಗೆ ಹೇಳಿದ್ರಾ?"

"ಇಲ್ಲ, ನಿಮಗಲ್ಲ," ಎಂದಳು ಸಿಸ್ಟರಮ್ಮ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳು ಅಂಗಡಿ ತೆರೆಯುವ ಹೊತ್ತು ಮೀರಿದರೂ ಅಲ್ಲೇ ನಿಂತಿದ್ದಳು. ಕೊನೆಗೂ ದೇವರನ್ನೇ ಕೇಳಿಯಾಗಿತ್ತು, ಉತ್ತರ ಬರುವ ತನಕ ಹೊರಡಲು ಅವಳಿಗೆ ಮನಸ್ಸಿರಲಿಲ್ಲ.